ಟ್ಯಾಂಕಿಯ ಮೇಲಿನ ಹೆಸರು

“ನಿನ್ನ ಅಪ್ಪ ಹಳೆ ಊರು ಕಂಡಿದ್ದಾನಾ? ಬೋಳಿಮಗನೇ, ಇದು ನಿನ್ನೆ ಪೇಂಟ್ ಹೊಡೆದ ಹಾಗೆ ಉಂಟು. ತಿಕ್ಕು.”

ತಿಕ್ಕಿದೆ. ಬೈದವನು ಆಲ್‌ಸ್ಟನ್, ನಮ್ಮ ಸೈಟ್ ಮ್ಯಾನೇಜರ್, ಮಂಗಳೂರಿನವನೇ. ತುಳು ಚೆನ್ನಾಗಿ ಬರುತ್ತದೆ. ತುಳುವಿನಲ್ಲಿ ಮಾತಾಡಿದರೆ ಎಲ್ಲಿ ಸಲಿಗೆ ಬೆಳೆಯುತ್ತದೋ ಎಂದು ನಮ್ಮನ್ನು ಕನ್ನಡದಲ್ಲೇ ಬೈಯುತ್ತಾನೆ. ನಾನು ಯಶೋಧರ, ಪೇಂಟರ್. ಕಿನ್ನಿಗೋಳಿಯಲ್ಲಿ ಬಸ್ಸುಗಳಿಗೆ ಹೆಸರು ಬರೆಯುತ್ತಿದ್ದೆ. ಸ್ಟಿಕ್ಕರ್ ಬಂದು ಆ ಕೆಲಸ ಹೋಯಿತು, ನಾನು ಕುವೈತಿಗೆ ಬಂದೆ.

ಇಲ್ಲಿ ಮರಳಿನ ಮೇಲೆ ನಾವು ಅಮೆರಿಕದ ಪಡುವಣದ ಒಂದು ಸಣ್ಣ ಊರು ಕಟ್ಟುತ್ತಿದ್ದೆವು. ಚಳಿಗಾಲದಲ್ಲಿ ಜನ ಟಿಕೆಟ್ ತೆಗೆದು ನೋಡುವ ಊರು. ಕುದುರೆ ಕಟ್ಟುವ ಕಂಬ, ಜೈಲು, ಬ್ಯಾಂಕು, ಸಾರಾಯಿಯಿಲ್ಲದ ಸಾರಾಯಿ ಅಂಗಡಿ, ನಡುವೆ ಮರದ ಕಾಲುಗಳ ಮೇಲೆ ನೀರಿಲ್ಲದ ಎತ್ತರದ ಟ್ಯಾಂಕಿ. ಈ ಬೇಸಿಗೆಯಲ್ಲಿ ಹುಟ್ಟಿದ ಊರಿಗೆ ನೂರೈವತ್ತು ವರ್ಷದ ಮುಪ್ಪು ಬರಿಸಬೇಕು. ಶುವೈಖ್ ಬಂದರಿನಿಂದ ಬಂದ ಹೊಸ ಹಲಗೆಗಳನ್ನು ಬೆಂಕಿಗೆ ಬಾಡಿಸಿ, ತಂತಿ ಬ್ರಷ್ಷಿನಿಂದ ಕೆರೆದು, ಚಹಾದ ಚರಟ ಕುದಿಸಿದ ನೀರು ಬಳಿಯುತ್ತಿದ್ದೆವು. ಬಾಗಿಲಲ್ಲಿ ಊರಿನ ಚರಿತ್ರೆ ಹೇಳುವ ಫಲಕ, ಯಾರೋ ಏಸಿ ಕೋಣೆಯಲ್ಲಿ ಕೂತು ಹೊಸೆದದ್ದು. ಊರು ಕಟ್ಟಿದವರು ಎಂದು ಅದರಲ್ಲಿ ಟೊಪ್ಪಿ ಹಾಕಿದ ಬಿಳಿಯರ ಹೆಸರುಗಳಿದ್ದವು.

ಊರು ಕಟ್ಟಿದ್ದು ಶಾಹುಲ್ ಹಮೀದ್. ಉಪ್ಪಿನಂಗಡಿಯ ಬ್ಯಾರಿ, ಬಡಗಿ, ಮಹಬೂಲಾದ ಕೋಣೆಯಲ್ಲಿ ನನ್ನ ಮೇಲಿನ ಮಂಚದವನು. ಟ್ಯಾಂಕಿಗೆ ಅವನು ಗಟ್ಟಿಮುಟ್ಟಾದ ಏಣಿ ಮಾಡಿದ್ದ. ಆಲ್‌ಸ್ಟನ್‌ಗೆ ಗಟ್ಟಿ ಬೇಕಿರಲಿಲ್ಲ. ಮೆಟ್ಟಿಲುಗಳನ್ನು ಅರ್ಧ ಕೊರೆದು ಗೆದ್ದಲು ತಿಂದಂತೆ ಮಾಡು, ಇದು ಹತ್ತುವ ಏಣಿಯಲ್ಲ, ನೋಡುವ ಏಣಿ ಎಂದ. ಶಾಹುಲ್ ಗೊಣಗುತ್ತಲೇ ಕೊರೆದ.

ಆಮೇಲೊಂದು ಮಧ್ಯಾಹ್ನ ಟ್ಯಾಂಕಿಯ ಹಲಗೆಯೊಂದು ಸಡಿಲವಾಗಿ ಗಾಳಿಗೆ ಬಡಿಯತೊಡಗಿತು. ಬೇಸಿಗೆಯ ಆ ಹೊತ್ತಿನಲ್ಲಿ ಹೊರಗಿನ ಕೆಲಸಕ್ಕೆ ಸರಕಾರದ ನಿಷೇಧವಿದೆ. ಕಂಪನಿ ಗೇಟು ಹಾಕಿಕೊಂಡು ನಮ್ಮನ್ನು ದುಡಿಸುತ್ತಿತ್ತು. ಆಳನ್ನು ಮೇಲೆತ್ತುವ ಮ್ಯಾನ್‌ಲಿಫ್ಟ್ ಬರಲಿ, ಈ ಏಣಿ ತಡೆಯುವುದಿಲ್ಲ ಎಂದು ಶಾಹುಲ್ ಹೇಳಿದ.

“ಯಲ್ಲಾ, ಹತ್ತು. ಎತ್ತಿ ಕೂರಿಸ್ಲಿಕ್ಕೆ ನಿನ್ನ ಹೆಂಡತಿ ಬರ್ಬೇಕಾ?” ಎಂದ ಆಲ್‌ಸ್ಟನ್.

ಶಾಹುಲ್ ಹತ್ತಿದ. ಅವನೇ ಕೊರೆದ ಮೆಟ್ಟಿಲು, ಅವನ ಕಾಲ ಕೆಳಗೇ ಮುರಿಯಿತು.

ಸಂಜೆಯೊಳಗೆ ಕಂಪನಿಯ ಕತೆ ತಯಾರಾಯಿತು. ಶಾಹುಲ್ ಆ ದಿನ ಕೆಲಸಕ್ಕೇ ಬಂದಿರಲಿಲ್ಲ, ಕೋಣೆಯ ಬಚ್ಚಲಲ್ಲಿ ಜಾರಿಬಿದ್ದು ಸತ್ತ. ಬೇರೆ ಮಾತಾಡಿದವನ ಇಕಾಮಾ, ಇಲ್ಲಿ ಇರಲು ಬೇಕಾದ ಪರವಾನಗಿ, ಖಲಾಸ್ ಎಂದರು. ಶವದ ಪೆಟ್ಟಿಗೆ ಉಪ್ಪಿನಂಗಡಿಗೆ ಹೋಯಿತು. ಮುರಿದ ಮೆಟ್ಟಿಲಿನ ಜಾಗವನ್ನು ಹಾಗೇ ಬಿಟ್ಟರು, ಹಳೆಯದಾಗಿ ಕಾಣುತ್ತದೆ ಎಂದು.

ಅವನ ಹೆಂಡತಿ ಆಯಿಶತ್ ನಿಶಾ ನನಗೆ ಫೋನು ಮಾಡಿದಳು. ಹೂಳುವ ಮೊದಲು ಮಯ್ಯತ್ ಮೀಯಿಸುವಾಗ ಶಾಹುಲನ ತಮ್ಮ ಏನೋ ಕಂಡಿದ್ದನಂತೆ. ಅವಳು ಅಳಲಿಲ್ಲ.

“ಬಚ್ಚಲಲ್ಲಿ ಬಿದ್ದವರ ಅಂಗೈಯಲ್ಲಿ ಮರದ ಸಿಬಿರು ಹೇಗೆ ಬರ್ತದೆ ಯಶೋಧರಣ್ಣ?”

ನಿಜ ಹೇಳಿದೆ. ಅವಳು, ಅವರು ಬಿದ್ದಲ್ಲಿ ಅವರ ಹೆಸರಾದರೂ ಇದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಹೆಸರು ಬರೆಯುವುದೇ ನನ್ನ ಕಸುಬು ಎಂದು ಅವಳಿಗೆ ಗೊತ್ತಿತ್ತು. ನನಗೆ ನಾಚಿಕೆಯಾಯಿತು.

ಟ್ಯಾಂಕಿ ಆಮೇಲೆ ಸುಮ್ಮನಿರಲಿಲ್ಲ. ಗಾಳಿ ಎದ್ದರೆ ಒಳಗಿನಿಂದ ಟಕ್ ಟಕ್, ಒಂದಿಷ್ಟು ಬಿಡುವು, ಮತ್ತೆ ಟಕ್. ಶಾಹುಲ್ ಮೊಳೆ ಹೊಡೆಯುತ್ತಿದ್ದದ್ದೇ ಹಾಗೆ. ಸಡಿಲ ಹಲಗೆಯ ಸದ್ದೆಂದು ಗೊತ್ತಿದ್ದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಕಾರ್ಪೆಂಟರ್ ಆಂಥೋನಿ ಶಿಲುಬೆಯ ಗುರುತು ಹಾಕಿಕೊಂಡು ಸುತ್ತು ಬಳಸಿ ಹೋಗುತ್ತಿದ್ದ. ನಮ್ಮ ಅಂಜಿಕೆ ಆಲ್‌ಸ್ಟನ್ ಕಿವಿಗೂ ಬಿತ್ತು. ಅವನು ಖುಷಿಪಟ್ಟ. ಫಲಕಕ್ಕೆ ಹೊಸ ಸಾಲು ಸೇರಿಸಬೇಕೆಂದ: ಈ ಟ್ಯಾಂಕಿಯಿಂದ ಬಿದ್ದು ಸತ್ತ ಬಿಲ್ಲಿ ಎಂಬ ಕುದುರೆಗಳ್ಳನ ಪ್ರೇತ ಇಂದಿಗೂ ಇಲ್ಲಿ ಅಲೆಯುತ್ತಿದೆ. ಬರೆಯಬೇಕಾದವನು ನಾನೇ.

ಬರೆದೆ. ಸಾವನ್ನು ಬಚ್ಚಲಿಗೆ ಸಾಗಿಸಿದ್ದಾಯಿತು, ಈಗ ಪ್ರೇತವನ್ನೂ ಕಿತ್ತು ಒಬ್ಬ ಬಿಳಿಯನಿಗೆ ಕೊಟ್ಟರಲ್ಲ, ಅದೂ ಕಳ್ಳನಿಗೆ. ನಮ್ಮ ತುಳುವರಲ್ಲಿ ಸತ್ತವರಿಗೆ ಬಡಿಸುವಾಗ ಹೆಸರು ಹಿಡಿದು ಕರೆಯುತ್ತೇವೆ, ಬೇರೆ ಹೆಸರಿಗೆ ಅವರು ಬರುವುದಿಲ್ಲ. ಶಾಹುಲನ ಮತದಲ್ಲಿ ಹಾಗಿಲ್ಲ. ಆದರೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಟ್ಯಾಂಕಿಯ ಮೇಲೆ ಊರಿನ ಹೆಸರು ಬರೆಯುವುದು ಕೊನೆಯ ಕೆಲಸ. ಈಗ ಮ್ಯಾನ್‌ಲಿಫ್ಟ್ ಬಂತು. ಮಾಸಿದಂತೆ ಕಾಣಲಿ ಎಂದು ಆಲ್‌ಸ್ಟನ್ ಅಗ್ಗದ ಡಿಸ್ಟೆಂಪರ್ ತರಿಸಿದ್ದ, ನೀರು ತಾಗಿದರೆ ಇಳಿಯುವಂಥದು. ನಾನು ಮೇಲೆ ಹೋದವನು ಮೊದಲು ನೀರಿಗೆ ಜಗ್ಗದ ಕಪ್ಪು ಎನಾಮಲ್ ಡಬ್ಬ ತೆರೆದೆ. ಬಸ್ಸಿನ ಹಣೆಗೆ ಬರೆಯುತ್ತಿದ್ದಂತೆ, ಕನ್ನಡದಲ್ಲಿ, ದುಂಡಗೆ ಬರೆದೆ. ಕೆಳಗಿನಿಂದ ಓದಿದ ಆಂಥೋನಿ ಏನೂ ಕೇಳದೆ ಗೇಟಿನ ಹತ್ತಿರ ಕಾವಲು ನಿಂತ. ಒಣಗಿದ ಮೇಲೆ ಡಿಸ್ಟೆಂಪರ್ ಬಳಿದೆ, ಕಪ್ಪು ಮುಚ್ಚುವ ತನಕ ಬಳಿದೆ, ಮೇಲೆ ಊರಿನ ಹೆಸರು ಬರೆದು ತಿಕ್ಕಿದೆ. ಆಲ್‌ಸ್ಟನ್ ಬಂದು ನೋಡಿ, ಈಗ ಸರಿ ಉಂಟು ಎಂದ.

ಊರು ತೆರೆದ ಸಂಜೆ ಮಳೆ ಬಂತು. ನವೆಂಬರಿನ ಮರಳುಗಾಡಿನ ಮಳೆ, ಒಮ್ಮೆಲೇ ಸುರಿಯಿತು. ಜನ ಜೈಲಿನ, ಬ್ಯಾಂಕಿನ ಸೂರಿನಡಿ ಸೇರಿದರು. ಟ್ಯಾಂಕಿಯಿಂದ ಬಿಳಿ ನೀರು ಇಳಿಯತೊಡಗಿತು. ಮೊದಲು ಅಮೆರಿಕದ ಹೆಸರು ಕರಗಿತು. ಅದರ ಹಿಂದಿನಿಂದ ಒಂದೊಂದೇ ಅಕ್ಷರ ಹೊರಗೆ ಬಂತು: ಶಾಹುಲ್ ಹಮೀದ್. ಆಟದ ಭಾಗವೇ ಇರಬೇಕೆಂದು ಜನ ಫೋನು ಎತ್ತಿ ಹಿಡಿದರು. ನಾನೂ ಫೋಟೋ ತೆಗೆದು ಆಯಿಶತ್ ನಿಶಾಗೆ ಕಳಿಸಿದೆ.

ಆಫೀಸಿನವರಲ್ಲಿ ಕನ್ನಡ ಓದಬಲ್ಲವನು ಆಲ್‌ಸ್ಟನ್ ಒಬ್ಬನೇ. ಅವನ ತುಟಿ ಅಕ್ಷರ ಕೂಡಿಸುವುದನ್ನು ನಾನು ನೋಡಿದೆ. ಮುಖ ಬಿಳಿಚಿತು. ನೆನೆಯುತ್ತಾ ನನ್ನ ಬಳಿ ಬಂದು, ಅದನ್ನು ಅಳಿಸು ಮಾರಾಯ ಎಂದ. ಮೊದಲ ಸಲ ತುಳುವಿನಲ್ಲಿ ಮಾತಾಡಿದ್ದ.

ನಾನು ಕನ್ನಡದಲ್ಲೇ ಹೇಳಿದೆ.

“ಮ್ಯಾನ್‌ಲಿಫ್ಟ್ ವಾಪಸ್ ಹೋಯ್ತು ಸಾರ್. ಏಣಿ ಉಂಟು, ನೀವು ಹೇಳಿದ ಹಾಗೇ ಉಂಟು. ಹತ್ತಿ.”

ಅವನು ಏಣಿಯ ಹತ್ತಿರ ಹೋದ. ಮೆಟ್ಟಿಲಿನ ಮೇಲೆ ಕೈ ಇಟ್ಟ, ತೆಗೆದ. ಮೇಲೆ ಟ್ಯಾಂಕಿಯೊಳಗೆ ಟಕ್ ಟಕ್ ಶುರುವಾಯಿತು.