ಹಸಿರು ಸೆರಗು

ತೊಟ್ಟಿಯಲ್ಲಿ ನೆನೆಹಾಕಿದ ಕೌದಿಯನ್ನು ತುಳಿದು ತೊಳೆಯುವಾಗಲೆಲ್ಲ ನನ್ನ ಕಣ್ಣು ಒಂದು ಹಸಿರು ತುಂಡನ್ನು ಹುಡುಕುತ್ತಿತ್ತು. ಗಂಡನ ಮನೆಯ ಪದ್ಧತಿ ಅದು: ಸೊಸೆಯಾಗಿ ಬಂದವಳ ಧಾರೆಯ ಸೀರೆಯ ತುಂಡನ್ನು ಮನೆತನದ ಕೌದಿಯ ಮೇಲೆ ಹಚ್ಚಬೇಕು. ಹಚ್ಚಿದ ಮೇಲೆಯೇ ಅವಳು ಆ ಮನೆಯವಳು. ನನ್ನ ಮದುವೆಯಾದ ವರ್ಷ ಅತ್ತೆ ಆ ಹಳೆಯ ಕೌದಿಯನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದರು. ಹೊಸ ಸೀರೆ ಕೊಳ್ಳುವ ತ್ರಾಣವಿಲ್ಲದ ನನ್ನ ಅವ್ವ, ತನ್ನ ಧಾರೆಯ ನೂಲಿನ ಸೀರೆಯನ್ನೇ ನನಗೆ ಉಡಿಸಿ ಕಳಿಸಿದ್ದಳು. ಅದರ ಸೆರಗನ್ನು ನಾನೇ ಕತ್ತರಿಸಿ ಕೊಟ್ಟೆ.

"ನಂದು ಎಲ್ಲೈತ್ರಿ ಅತ್ತಿ?" ಎಂದರೆ, "ಅದರಾಗ ಐತಿ, ಹುಡುಕ್ಕೋ" ಎನ್ನುತ್ತಿದ್ದರು. ಬಿಸಿಲಿಗೆ ಬಣ್ಣ ಹೋಗಿರಬೇಕು ಎಂದು ಸುಮ್ಮನಾದೆ. ಎಂಥ ಪೆದ್ದಿ ನಾನು!

ಕಡೆಗಾಲದಲ್ಲಿ ಅತ್ತೆಯ ಹೇಲುಚ್ಚೆ ಬಳಿದವಳು ನಾನು. ಅವರು ಹೋದ ಮೇಲೆ ಪಾಲಿಗೆ ಕೂತಾಗ ಕೌದಿಯೊಂದನ್ನೇ ಕೇಳಿದೆ. ಹಿರಿಯ ನೆಗೆಣ್ಣಿ, ಭಾವನ ಹೆಂಡತಿ ನೀಲಗಂಗಕ್ಕ ಒಪ್ಪಲಿಲ್ಲ.

"ಹಳೀ ಅರಿವಿಗೆ ಈಗ ಭಾಳ ಬೆಲಿ ಐತಂತ. ಮೊದ್ಲ ತೋರಿಸೂಣು" ಎಂದು ಹಳೆಯ ಜವಳಿ ಕೊಳ್ಳುವ ವಿಠ್ಠಲಸಾನನ್ನು ಕರೆಸಿದಳು.

ಆತ ಹೊಲಿಗೆಯ ಮೇಲೆ ಉಗುರಾಡಿಸಿ ಮೂಗು ಮುರಿದ. "ಮ್ಯಾಲಿನ ರೇಶ್ಮಿ ಎಲ್ಲಾ ಪಿಸದು ಹರದೈತ್ರಿ. ಒಳಗೇನೈತಿ ನೋಡೂಣು."

ಅಂಚು ಬಿಚ್ಚಿದ. ಧೋತರದ ಹರಕು, ಹಾಸಿಗೆಯ ಚಿಂದಿಗಳ ನಡುವೆ ನನ್ನ ಸೆರಗಿತ್ತು, ಹಸಿರು ಒಂದಿಷ್ಟೂ ಮಾಸಿರಲಿಲ್ಲ.

"ಅಬ್ಬಬ್ಬಾ! ಇಂಥಾ ನೇಯ್ಗಿ ಈಗ ಎಲ್ಲೂ ಸಿಗಂಗಿಲ್ರಿ. ಬಿಸಲ ಕಾಣದ್ದಕ್ಕ ಬಣ್ಣ ಉಳದೈತಿ. ಈ ಕೌದಿಗೆ ಬೆಲಿ ಅಂತ ಇದ್ರ ಇದರಿಂದನ."

ನಾನು ನೆಗೆಣ್ಣಿಯ ಮುಖ ನೋಡಿದೆ.

"ನನ್ನೇನ ನೋಡ್ತಿ? ಎಲ್ಲಾರ ರೇಶ್ಮಿ ನಡುವ ನಿನ್ನ ನೂಲು ಮಂದಿ ಕಣ್ಣಿಗೆ ಬೀಳಬಾರ್ದು ಅಂತ ಅತ್ತಿನ ಅದನ್ನ ಒಳಗ ತುಂಬಿದ್ರು. ನಾ ಸೂಜಿಗೆ ದಾರ ಪೋಣಿಸಿ ಕೊಟ್ಟೆ, ಅಷ್ಟ."

ಇಷ್ಟು ವರ್ಷ ಅವ್ವನ ಸೀರೆಯನ್ನೇ ತುಳಿಯುತ್ತ, ಅದನ್ನೇ ಹುಡುಕಿದ್ದೆ. ಇವಳು ಪಕ್ಕದಲ್ಲೇ ನಿಂತು ನೋಡಿದ್ದಳು.

"ಹಂಗಾರ ಮಾರೂಣು," ಎಂದಳು ನೀಲಗಂಗಕ್ಕ.

"ಮಾರ್ರಿ. ನನ್ನ ಸೆರಗಷ್ಟು ನನಗ ಕೊಡ್ರಿ."

"ಅದನ್ನ ಕಿತ್ರ ಏನ್ ಉಳೀತೈತ್ರಿ ಇದರಾಗ?" ಎಂದ ವಿಠ್ಠಲಸಾ.

"ಅವರ ಮನಿತನ ಉಳೀತೈತಲ್ಲ," ಎಂದು ಕತ್ತರಿ ತಂದು ಅಲ್ಲೇ ಕೂತೆ.

"ಅಯ್ಯ, ಹುಚ್ಚು ಹಿಡೀತೇನ ನಿನಗ?" ಎಂದು ನೆಗೆಣ್ಣಿ ಕೂಗುತ್ತಲೇ ಇದ್ದಳು. ನಾನು ಕೈ ನಿಲ್ಲಿಸಲಿಲ್ಲ. ಸಂಜೆಯ ಹೊತ್ತಿಗೆ ಸೆರಗು ನನ್ನ ಮಡಿಲಲ್ಲಿತ್ತು, ಅವಳ ಕಾಲಬುಡದಲ್ಲಿ ಚಿಂದಿಯ ಗುಡ್ಡೆ ಬಿದ್ದಿತ್ತು.