ಮಧುಕರ ಸಾಹೇಬರ ಸಸಿಗಳ ಪ್ರವಾಸ

ಬೆಳೆಯುವ ಸಿರಿ ಫೋಟೋದಲ್ಲಿ ಎಂದು ಗಾದೆ. ಹಿರಿಯರು 'ಮೊಳಕೆಯಲ್ಲಿ' ಎಂದಿದ್ದರಂತೆ. ಪಾಪ, ಅವರ ಹತ್ತಿರ ಮೊಬೈಲಿರಲಿಲ್ಲ. ಈ ಕಥೆ ಮಾತ್ರ ನಡೆದದ್ದೇ, ಒಂದೆಲೆಯಷ್ಟೂ ಸುಳ್ಳಿಲ್ಲ.

ಅಂಕೋಲೆಯ ಹಸಿರು ಬಳಗಕ್ಕೆ ಮಧುಕರ ಸಾಹೇಬರು ಅಧ್ಯಕ್ಷರು. ಹಸಿರಿಗಿಂತ ಹೆಸರಿನ ಮೇಲೇ ಅವರಿಗೆ ಪ್ರೀತಿ. ಹಟ್ಟಿಕೇರಿಯ ಹೆಂಗಸರು ಶಾಲೆ ಮಕ್ಕಳಿಗೆಂದು ಹಾಲಿನ ಖಾಲಿ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ನುಗ್ಗೆ, ಪಪ್ಪಾಯಿ, ಕರಿಬೇವು, ಇಶಾಡು ಮಾವಿನ ಸಸಿ ಬೆಳೆಸಿ ಬಳಗಕ್ಕೆ ಪುಕ್ಕಟೆ ಕೊಡುತ್ತಿದ್ದರು. ಸಾಹೇಬರು ಅವನ್ನು ಟೆಂಪೋದಲ್ಲಿ ಶಾಲೆಗೆ ತಂದು, ಮಕ್ಕಳ ಕೈಗಿಟ್ಟು, ಫೋಟೋ ಹೊಡೆಸಿ, ಗಂಟೆಗಟ್ಟಲೆ ಭಾಷಣ ಕುಟ್ಟಿ, "ನೆಡೋದು ಆಮೇಲೆ" ಎಂದು ಅಷ್ಟನ್ನೂ ವಾಪಸು ಹೇರಿಸಿ ಮುಂದಿನ ಶಾಲೆಗೆ ಹೊರಡುತ್ತಿದ್ದರು. ಕೊನೆಯ ನಿಲ್ದಾಣ ಕೇಣಿಯ ಅವರ ಸ್ವಂತ ಹಿತ್ತಲು. ಅಲ್ಲಿ ಇಶಾಡಿಗೆ ಕುಂಡದ ಯೋಗ, ಉಳಿದವಕ್ಕೆ ಒಣಗುವ ಭಾಗ್ಯ.

ತೋಡೂರು ಕಡೆಯ ಶಾಲೆಯೊಂದರಲ್ಲಿ ಪಾಠ ಹೇಳುವ ರೂಪಾಲಿ ಅಕ್ಕೋರಿಗೆ ಇದು ಹೋದ ವರ್ಷವೇ ಗೊತ್ತಾಗಿತ್ತು. ಮಕ್ಕಳು ತೋಡಿದ ಗುಂಡಿಗಳಲ್ಲಿ ಆ ಮಳೆಗಾಲವಿಡೀ ಕಪ್ಪೆಗಳೇ ಶಾಲೆ ನಡೆಸಿದ್ದವು. ಈ ಸಲ ಮತ್ತೆ ತೋಡಿ ಎಂದಾಗ ಮಕ್ಕಳು ಗುದ್ದಲಿ ಮುಟ್ಟಲಿಲ್ಲ.

"ಎಂತಕ್ಕೆ ಅಕ್ಕೋರೆ, ಕಪ್ಪೆಗಾ?"

"ಈ ಸಲ ಸಸಿ ನೆಟ್ಟೇ ನೆಡ್ತೇವೆ. ನನ್ನ ಮಾತು," ಎಂದುಬಿಟ್ಟಳು ರೂಪಾಲಿ. ಮಾತು ಕೊಟ್ಟಮೇಲೆ ಹೆದರಿಕೆ ಶುರುವಾಯಿತು.

ಆ ಹೆದರಿಕೆಗೆ ಮದ್ದು, ಜೊತೆಯ ಮಾಸ್ತರ ಭರತ. ಯಾರ ದನಿಯನ್ನಾದರೂ ಕದಿಯುವ ಕಳ್ಳ. ಸಾಹೇಬರು ಶಾಲೆಗೆ ಬರುವ ಹಿಂದಿನ ಸಂಜೆಯೇ ಟೆಂಪೋ ಓಡಿಸುವ ಬೀರುಗೆ ಫೋನು ಹಚ್ಚಿ, ಸಾಹೇಬರಂತೆ ಎರಡು ಸಲ ಗಂಟಲು ಕೆರೆದ.

"ಬೀರೂ, ನಾನು. ನನ್ನ ಮೊಬೈಲು ಕೆಟ್ಟಿದೆ, ಇದು ಬೇರೆಯವರದು. ನಾಳೆ..." ಎಂದು ಅಂಗಳದ ಆಚೆ ನಡೆದ. ಮುಂದಿನದು ರೂಪಾಲಿಗೆ ಕೇಳಿಸಲಿಲ್ಲ.

ಮರುದಿನ ಫೋಟೋ ಮುಗಿದು ಸಾಹೇಬರ ಭಾಷಣ ಶುರುವಾಯಿತು. "ಗಿಡವೆಂದರೆ ತಾಯಿ" ಎನ್ನುವಾಗ ಶಾಲೆಯ ಹಿಂದೆ ಬೀರು ಮತ್ತು ಮಕ್ಕಳು ಮೊದಲ ಗುಂಡಿ ಮುಚ್ಚುತ್ತಿದ್ದರು. "ತಾಯಿಯೆಂದರೆ ಗಿಡ" ಎನ್ನುವಷ್ಟರಲ್ಲಿ ಕೊನೆಯದಕ್ಕೂ ನೀರು ಬಿತ್ತು. ಅಂಥ ಭಾಷಣದಿಂದ ಊರಿಗಾದ ಉಪಕಾರ ಅದೊಂದೇ.

ಸಾಹೇಬರು ಮೈಕು ಹಿಡಿದುಕೊಂಡೇ ಖಾಲಿ ಟೆಂಪೋ ನೋಡಿದರು.

"ಬೀರೂ, ಸಸಿ ಎಲ್ಲೋ?"

"ನೆಟ್ಟಾಯ್ತಲಾ ಸಾಹೇಬ್ರೆ! ವಾಪಸು ಹೇರಬೇಡ, ಮಕ್ಕಳ ಕೂಡೆ ನೆಟ್ಟುಬಿಡು ಅಂತ ನೀವೇ ನಿನ್ನೆ ಫೋನು ಮಾಡಿದ್ರಲಾ?"

ಮೈಕು ಅದನ್ನು ಊರಿಗೆಲ್ಲ ಕೇಳಿಸಿತು. ಸಾಹೇಬರೀಗ 'ನಾನಲ್ಲ' ಎಂದರೆ ಎಲ್ಲರೆದುರೇ ಸಸಿಗಳನ್ನು ಕಿತ್ತು ಟೆಂಪೋಗೆ ಹಾಕಿಸಬೇಕು. ಅವರು ಎದುರು ಕೂತ ತಾಯಂದಿರ ಸಾಲು ನೋಡಿದರು, ಮಣ್ಣುಗೈಯ ಮಕ್ಕಳನ್ನು ನೋಡಿದರು. ಕೊನೆಗೆ ಕ್ಯಾಮೆರಾ ನೋಡಿದರು.

"ಹೌದು," ಎಂದರು. "ನಾನೇ ಹೇಳಿದ್ದು."

ಚಪ್ಪಾಳೆ ಬಿತ್ತು. ಬೀರುಗೆ ಹುರುಪೇರಿತು.

"ಮತ್ತೆ, ನಿಮ್ಮ ಹಿತ್ತಲಿನ ಕುಂಡದ ಇಶಾಡನ್ನೂ ನಾಳೆ ಇಲ್ಲಿಗೇ ತಂದು ನೆಡು ಅಂದ್ರಲಾ, ಅದಕ್ಕೆ ಎಷ್ಟೊತ್ತಿಗೆ ಬರಲಿ?"

ರೂಪಾಲಿ ಥಟ್ಟನೆ ಭರತನ ಕಡೆ ತಿರುಗಿದಳು. ಅವನು ಹೆಂಚು ಎಣಿಸುತ್ತಿದ್ದ.

"ಯಬ್ಬಾ, ಎಂಥಾ ದೊಡ್ಡ ಮನಸ್ಸೇ!" ಎಂದು ಹಿಂದಿನ ಸಾಲಿನ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ನಗು ಒಬ್ಬರಿಂದೊಬ್ಬರಿಗೆ ಹಬ್ಬಿ ಅಂಗಳವೆಲ್ಲ ನಕ್ಕಿತು. ಸಾಹೇಬರ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಕ್ಯಾಮೆರಾ ಇನ್ನೂ ಅವರ ಮೇಲೇ ಇತ್ತು. ಅವರು ಹಲ್ಲು ಕಿರಿದರು, ಹೊಟ್ಟೆ ಹಿಡಿದರು, ಬೀರುವಿನ ಬೆನ್ನಿಗೆ ಗುದ್ದಿ ಎಲ್ಲರಿಗಿಂತ ಜೋರಾಗಿ ನಕ್ಕರು.