ಸ್ಪ್ಯಾನರ್ ಇದ್ದಾನಲ್ಲ

ಹಾಸ್ಟೆಲ್ಲಿನಲ್ಲಿ ಯಾರದೋ ಕೆಟ್ಟ ಟೇಬಲ್ ಫ್ಯಾನನ್ನು ಬಿಚ್ಚಿ ಸರಿಮಾಡಿಕೊಟ್ಟ ದಿನದಿಂದ ಅವನಿಗೆ ಸ್ಪ್ಯಾನರ್ ಎಂಬ ಹೆಸರು ಅಂಟಿಕೊಂಡಿತ್ತು. ಈಗ ತಲೆ ಅರ್ಧ ನರೆತು, ಮುದ್ರಣಾಲಯವೊಂದರಲ್ಲಿ ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರೂ ಹಳೆಯ ಗೆಳೆಯರಿಗೆ ಅವನು ಸ್ಪ್ಯಾನರೇ. ಅವರ ಫೋನು ಬಂದರೆ ಊಟದ ಮುಂದೆ ಕೂತವನೂ ಎದ್ದು ನಿಲ್ಲುತ್ತಿದ್ದ. ವರ್ಷಕ್ಕೊಮ್ಮೆ ಅವರೆಲ್ಲ ರಸ್ತೆಯಿಲ್ಲದ ಕಡೆ ಜೀಪು ಓಡಿಸಲು ಹೋಗುತ್ತಿದ್ದರು. ಅದಕ್ಕೆ ಎಷ್ಟೋ ಮೊದಲೇ ಇವನು ರಜಾದಿನಗಳಲ್ಲಿ ತನ್ನ ಹಳೇ ಜೀಪಿನ ಕೆಳಗೆ ಮಲಗಿರುತ್ತಿದ್ದ.

"ಒಂದ್ಸಲ ನೀನೂ ಬಾ. ನಾನಿಲ್ದೆ ಆ ಗುಂಪು ಒಂದು ಹೆಜ್ಜೆ ಮುಂದಿಡಲ್ಲ, ನೋಡ್ತೀಯಂತೆ," ಎಂದು ಹೆಂಡತಿಯನ್ನು ಪ್ರತಿ ಸಲ ಕರೆಯುತ್ತಿದ್ದ. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ರಜೆ ಸಿಗುವುದೇ ಕಷ್ಟ. ಈ ಸಲ ಸಿಕ್ಕಿತು, ಹೊರಟಳು.

ರಾತ್ರಿ ತಂಗಿದ್ದ ಲಾಡ್ಜಿನಿಂದ ಬೆಳಿಗ್ಗೆ ಎರಡು ಗಾಡಿಗಳು ಹೊರಟವು. ಮುಂದಿನದರಲ್ಲಿ ಗೆಳೆಯರಾದ ಕಂಟ್ರಾಕ್ಟರ್ ಮತ್ತು ವಕೀಲ, ಹಿಂದಿನದರಲ್ಲಿ ಗಂಡ ಹೆಂಡತಿ. ಬತ್ತಿದ ಹೊಳೆಯ ಕಲ್ಲುಗಳ ಮೇಲೆ ಏಳುತ್ತಾ ಬೀಳುತ್ತಾ ಹೋಗುವಾಗ ಕಂಟ್ರಾಕ್ಟರನ ಗಾಡಿಯ ಮುಂಭಾಗದಿಂದ ಬುಸ್ಸೆಂದು ಹಬೆ ಎದ್ದಿತು. ರೇಡಿಯೇಟರಿನ ರಬ್ಬರ್ ಪೈಪು ಸೀಳಿತ್ತು. ಸ್ಪ್ಯಾನರ್ ಹಿಗ್ಗಿನಿಂದಲೇ ಇಳಿದ. ಹಳೇ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಸೀಳಿದ ಜಾಗಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ತಂತಿ ಬಿಗಿದ.

"ನೀರು ಕೊಡ್ರೋ," ಎಂದ.

"ನಮ್ ಕ್ಯಾನು ಲಾಡ್ಜಲ್ಲೇ ಉಳೀತು ಕಣೋ," ಎಂದ ಕಂಟ್ರಾಕ್ಟರ್. "ನಿನ್ ಹತ್ರ ಇದೆಯಲ್ಲ?"

ಅವಳು ಏನಾದರೂ ಹೇಳುವಷ್ಟರಲ್ಲಿ ಗಂಡ ತಮ್ಮ ಕುಡಿಯುವ ನೀರನ್ನೆಲ್ಲ ಆ ರೇಡಿಯೇಟರಿನ ಬಾಯಿಗೆ ಸುರಿದಿದ್ದ. ಗೆಳೆಯರು ಬೆನ್ನು ತಟ್ಟಿದರು. ಅವನು ಹೆಂಡತಿಯ ಕಡೆ ತಿರುಗಿ, ಹೇಗೆ, ಎಂಬಂತೆ ಹುಬ್ಬು ಹಾರಿಸಿದ.

ಸ್ವಲ್ಪ ದೂರದಲ್ಲೇ ಅವರ ಜೀಪಿನ ಮುಂದಿನ ಚಕ್ರ ಬಂಡೆಗೆ ಅಪ್ಪಳಿಸಿತು. ಮುಂದಿನ ಎರಡು ಚಕ್ರಗಳನ್ನು ಸೇರಿಸುವ ಕಬ್ಬಿಣದ ರಾಡು ಬಿಲ್ಲಿನಂತೆ ಬಾಗಿ, ಒಂದು ಚಕ್ರ ಅತ್ತ, ಒಂದು ಇತ್ತ ಮುಖ ಮಾಡಿತು.

ಕಂಟ್ರಾಕ್ಟರ್ ಇಳಿದು ಬಂದು ಬಗ್ಗಿ ನೋಡಿದ. ಆಮೇಲೆ ಸೂರ್ಯನನ್ನು ನೋಡಿದ.

"ನಾವು ವಾಪಸ್ ಲಾಡ್ಜಿಗೆ ಹೋಗಿ ಯಾರನ್ನಾದ್ರೂ ಕರ್ಕೊಂಡು ಬರ್ತೀವಿ. ನೀವಿಲ್ಲೇ ಇರಿ."

"ನಮ್ಮನ್ನೂ ಹತ್ತಿಸ್ಕೊಂಡು ಹೋಗಿ," ಎಂದಳು ಅವಳು.

"ನೀವು ಬನ್ನಿ ಅತ್ತಿಗೆ, ಹಿಂದೆಲ್ಲ ಸಾಮಾನಿದೆ, ಒಬ್ರಿಗೆ ಜಾಗ ಆಗತ್ತೆ," ಎಂದ ವಕೀಲ. "ಅವನು ಗಾಡಿ ಬಿಟ್ಟು ಬರಲ್ಲ, ನಮಗೆ ಗೊತ್ತಿಲ್ವಾ?"

ಗಂಡನನ್ನು ಒಬ್ಬನೇ ಬಿಟ್ಟು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಕಂಟ್ರಾಕ್ಟರನ ಗಾಡಿ ಧೂಳೆಬ್ಬಿಸಿಕೊಂಡು ತಿರುವಿನಲ್ಲಿ ಮರೆಯಾಯಿತು.

ಕಾದರು. ನೆರಳು ಕಲ್ಲಿನ ಈಚೆಯಿಂದ ಆಚೆಗೆ ಹೋಯಿತು. ಯಾರೂ ಬರಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು.

"ಅವರಿಗೂ ಏನೋ ತೊಂದ್ರೆ ಆಗಿರ್ಬೇಕು," ಎಂದ ಗಂಡ. "ನಾನು ಹಾಕಿದ ಪಟ್ಟಿ ಬಿಚ್ಕೊಂಡಿತೋ ಏನೋ." ಅವನಿಗೆ ನಿಜವಾಗಿಯೂ ಅದೇ ಚಿಂತೆ ಹತ್ತಿತ್ತು. ಕೊನೆಗೆ ಎದ್ದು ರಾಡನ್ನು ಬಿಚ್ಚಿ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡತೊಡಗಿದ. ಇನ್ನೇನು ಆಯಿತು ಎನ್ನುವಾಗ ಅದು ಎರಡು ತುಂಡಾಯಿತು.

 ಅವನು ಜಾಕಿನ ಉದ್ದನೆಯ ಹಿಡಿಕೆ ತಂದು, ಮುರಿದ ಕೈಗೆ ದಬ್ಬೆ ಕಟ್ಟುವಂತೆ ಎರಡು ತುಂಡಿಗೂ ಸೇರಿಸಿಟ್ಟ. "ಅಲ್ಲಾಡದ ಹಾಗೆ ಹಿಡ್ಕೋ." ಅವಳು ಹಿಡಿದಳು. ಅವನು ಇಕ್ಕಳದಿಂದ ತಂತಿ ಸುತ್ತಿ ತಿರುಚಿದ. ಬಿಗಿಯುತ್ತಿದ್ದಾಗ ಇಕ್ಕಳ ಜಾರಿತು. ತಂತಿಯ ತುದಿ ಅವಳ ಅಂಗೈಯನ್ನು ಉದ್ದಕ್ಕೂ ಗೀರಿತು. ತೊಳೆಯಲು ನೀರಿಲ್ಲ. ಕರವಸ್ತ್ರ ಕಟ್ಟಿಕೊಂಡು, "ಮುಂದೆ ನೋಡಿ," ಎಂದಳು. ಆ ಹೊತ್ತು ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಗ್ರೀಸು ಮೆತ್ತಿದ ಕೈಯಿಂದ ಜಾರಿದ ಇಕ್ಕಳವನ್ನು ಅವನು ಕಲ್ಲುಗಳ ಸಂದಿಯಲ್ಲಿ ತಡಕಾಡುವುದನ್ನು ನೋಡಿ ಪಾಪ ಅನಿಸಿತ್ತು.

ನಡೆದಷ್ಟೇ ನಿಧಾನವಾಗಿ ಜೀಪು ಹೊರಟಿತು. ಆಗಾಗ ಇಳಿದು ಕಟ್ಟು ನೋಡುವುದು, ಮತ್ತೆ ಹೊರಡುವುದು. ಲಾಡ್ಜ್ ಮುಟ್ಟುವಾಗ ಕತ್ತಲಾಗುತ್ತಿತ್ತು.

ಕಂಟ್ರಾಕ್ಟರ್ ಮತ್ತು ವಕೀಲ ಸ್ನಾನ ಮುಗಿಸಿ, ವರಾಂಡದಲ್ಲಿ ಇಸ್ಪೀಟು ಹಾಕಿಕೊಂಡು ಕೂತಿದ್ದರು.

"ನೋಡ್ದಾ? ನಾನ್ ಹೇಳ್ಲಿಲ್ವಾ?" ಕಂಟ್ರಾಕ್ಟರ್ ವಕೀಲನ ತೊಡೆಗೆ ಬಡಿದ. "ಸ್ಪ್ಯಾನರ್ ಇದ್ದಾನಲ್ಲ, ತಾನೇ ಬರ್ತಾನೆ ಅಂದೆ!"

"ಯಾಕೆ ಬರ್ಲಿಲ್ಲ?" ಎಂದಳು ಅವಳು.

"ಸುಸ್ತಾಗಿತ್ತು ಅತ್ತಿಗೆ. ಊಟ ಮಾಡಿ ಹೊರಡೋಣ ಅಂತಿದ್ವಿ, ನಿದ್ದೆ ಹತ್ತಿಬಿಡ್ತು," ಎಂದ ವಕೀಲ.

ಅವಳು ಗಂಡನ ಮುಖ ನೋಡಿದಳು. ಈಗ ಬಾಯಿ ಬಿಡುತ್ತಾನೆ, ಒಂದು ಮಾತಾದರೂ ಆಡುತ್ತಾನೆ ಎಂದುಕೊಂಡಳು. ಅವನು ನಗುತ್ತಿದ್ದ. "ಬನ್ರೋ, ಏನ್ ಮಾಡಿದೀನಿ ನೋಡಿ," ಎಂದು ಅವರನ್ನು ಜೀಪಿನ ಬಳಿಗೆ ಎಳೆದುಕೊಂಡು ಹೋದ. ಅವರು ಟಾರ್ಚು ಬಿಟ್ಟು ಫೋಟೋ ತೆಗೆದರು. ಅವನು ಕತೆ ಹೇಳಿದ. ಬಾಯಾರಿಕೆಯೂ ತಮಾಷೆಯಾಯಿತು, ಮುರಿದ ರಾಡೂ ತಮಾಷೆಯಾಯಿತು. "ಇವಳಂತೂ ಪಕ್ಕಾ ಸ್ಟ್ಯಾಂಡ್ ಥರ ಹಿಡ್ಕೊಂಡಿದ್ಲು. ಕೈ ಕುಯ್ದ್ರೂ ಬಿಡ್ಲಿಲ್ಲ!" ಎಲ್ಲರೂ ನಕ್ಕರು. ಅವಳು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ಕೆಂಪು ನೀರು ಹರಿದು ಹೋಗುತ್ತಲೇ ಇತ್ತು.

ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಅವನಿರಲಿಲ್ಲ. ಹೊರಗೆ ಬಂದರೆ ಕಂಟ್ರಾಕ್ಟರನ ಗಾಡಿಯ ಕೆಳಗಿಂದ ಅವನ ಎರಡು ಕಾಲು ಕಾಣುತ್ತಿದ್ದವು.

"ಕ್ಲಚ್ ಜಾರತ್ತಂತೆ," ಎಂದಿತು ಗಾಡಿಯ ಕೆಳಗಿನ ದನಿ.

"ರೀ, ನನ್ನ ಕೈಗೆ ಹೊಲಿಗೆ ಹಾಕಿಸ್ಬೇಕು."

"ಇದೊಂದು ಮುಗಿಸ್ಬಿಡ್ತೀನಿ ಕಣೆ. ಇವರಿಗೆ ನಾನಿಲ್ದಿದ್ರೆ ಆಗಲ್ಲ."

"ನೀವಿಲ್ದಿದ್ರೂ ಅವರಿಗೆ ಆಗತ್ತೆ. ನಿನ್ನೆ ನೋಡಿದ್ವಲ್ಲ."

ಕೆಳಗೆ ಕಬ್ಬಿಣದ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು. ಅವಳು ಚೀಲ ತೆಗೆದುಕೊಂಡು ಬಸ್ಸು ಹತ್ತಿದಳು. ಊರಿನ ಆಸ್ಪತ್ರೆಯಲ್ಲಿ ಒಬ್ಬಳೇ ಕೂತು ಹೊಲಿಗೆ ಹಾಕಿಸಿಕೊಂಡಳು.

ಅವನು ಮನೆಗೆ ಬಂದಾಗ ಅವಳು ಜಗಳವಾಡಲಿಲ್ಲ. ಆದರೆ ಅವನ ಕೆಲಸದ ಕತೆಗಳಿಗೆ ಹೂಂಗುಡುವುದನ್ನು ಬಿಟ್ಟಳು. ಅವನೂ ಕ್ರಮೇಣ ಹೇಳುವುದನ್ನು ಬಿಟ್ಟ.

ಮುಂದಿನ ವರ್ಷ ಕಂಟ್ರಾಕ್ಟರ್ ಹೊಸ ಗಾಡಿ ಕೊಂಡ. ಕೆಟ್ಟರೆ ಕಂಪನಿಯವರೇ ಬಂದು ಎತ್ತಿಕೊಂಡು ಹೋಗುವಂಥದ್ದು. ಇವನು ಎಂದಿನಂತೆ ಜೀಪಿನ ಎಣ್ಣೆ ಬದಲಾಯಿಸಿ, ಬೋಲ್ಟುಗಳನ್ನು ಬಿಗಿದು ಸಿದ್ಧವಾಗಿದ್ದ. ಫೋನು ಬರಲಿಲ್ಲ. ಒಂದು ಸಂಜೆ ಮೊಬೈಲಿನಲ್ಲಿ ಅವರ ಫೋಟೋಗಳು ಬಂದವು: ಹೊಸ ಗಾಡಿ, ಕಂಟ್ರಾಕ್ಟರ್, ವಕೀಲ, ಇವನಿಗೆ ಗೊತ್ತಿಲ್ಲದ ಇನ್ನಿಬ್ಬರು.

ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಫೋನನ್ನು ಅವಳ ಕಡೆ ಚಾಚಿದ. "ಹೋಗಿದಾರೆ," ಎಂದ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಅವನ ಮುಖಕ್ಕೆ ಹೇಳಬೇಕೆಂದು ಅವಳು ವರ್ಷದಿಂದ ಕಾದಿದ್ದಳು. ಈಗ ಆ ಮಾತು ಬಾಯಿಗೆ ಬರಲಿಲ್ಲ. ಹೋಗಲಿ ಬಿಡಿ ಎಂಬ ಸಮಾಧಾನದ ಮಾತೂ ಬರಲಿಲ್ಲ.  ಅವಳು ಒಲೆ ಆರಿಸಿ, ಅವನಿಗೆ ತಟ್ಟೆ ಹಾಕಿದಳು.